ರಸ್ತೆಗೂ ಹಕ್ಕುಗಳಿವೆ

ರಾತ್ರಿ ರೈಲಿನಲ್ಲಿ ಮಲಗಿ ಬೆಳಿಗ್ಗೆ ಗುರುತು ಪರಿಚಯವಿಲ್ಲದ ಊರಿನಲ್ಲಿ ಇಳಿಯುವವರ ಮನಸ್ಸಿನಲ್ಲಿ ಒಂದು ಬಗೆಯ ಅಳುಕು ಇರುತ್ತದೆ. ಬಸ್ಸಿನಲ್ಲಾದರೆ ಊರು ಸ್ವಲ್ಪ ಸ್ವಲ್ಪವೇ ಹತ್ತಿರವಾಗುವುದು ಕಣ್ಣಿಗೆ ಕಾಣುತ್ತದೆ. ರಾತ್ರಿ ರೈಲಿನಲ್ಲಿ ಹಾಗಲ್ಲ. ಮಲಗುವಾಗ ನಮ್ಮ ಊರು, ಎದ್ದಾಗ ಬೇರೆಯವರ ಊರು. ಕಣ್ಣುಜ್ಜಿಕೊಂಡು ಇಳಿಯುವಷ್ಟರಲ್ಲಿ ಸಾವಿರ ಜನ ನಮ್ಮನ್ನು ದಾಟಿ ಹೋಗಿರುತ್ತಾರೆ. ಅವರಲ್ಲಿ ಒಬ್ಬರೂ ನಮ್ಮ ಮುಖ ನೋಡಿ ನಕ್ಕಿರುವುದಿಲ್ಲ.

ನಮ್ಮ ರಾಜ್ಯದ ಸಾವಿರಾರು ಮಕ್ಕಳು ಈ ಅನುಭವದ ಮೂಲಕ ಹಾದು ಹೋಗುತ್ತಾರೆ. ಹುಬ್ಬಳ್ಳಿ, ಬೆಳಗಾವಿಯ ಕಡೆಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ, ಹೊಸಪೇಟೆ, ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ, ವಿಜಯಪುರದಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರಿದ್ದಾರೆ. ಕಾಸರಗೋಡು, ಮಂಗಳೂರಿನವರಿಗೆ ಶಿರಾಡಿ ಘಾಟಿಯ ರೈಲಿದೆ. ಹಳಿ ಬದಲಾಯಿಸುವ ಕೆಲಸಕ್ಕಾಗಿ 1996ರಲ್ಲಿ ನಿಂತುಹೋದ ಈ ಮಾರ್ಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗಗಳಿವೆ. ರಾತ್ರಿಯ ಪ್ರಯಾಣಿಕರಿಗೆ ಅವು ಕಾಣುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತದೆ.

ಹೀಗೆ ಬರುವವರಲ್ಲಿ ಕಾಲೇಜು ಸೀಟಿಗಾಗಿ ಬರುವವರು, ಸರಕಾರಿ ಪರೀಕ್ಷೆ ಬರೆಯಲು ಬರುವವರು, ಸಂದರ್ಶನಕ್ಕೆ ಬರುವವರು, ಆಸ್ಪತ್ರೆಯಲ್ಲಿರುವ ಸಂಬಂಧಿಕರನ್ನು ನೋಡಲು ಬರುವವರು ಎಲ್ಲರೂ ಇದ್ದಾರೆ. ಇತ್ತೀಚೆಗೆ ಅವರ ನಡುವೆ ಒಂಟಿಯಾಗಿ ಬರುವ ನಮ್ಮ ಹೆಣ್ಣುಮಕ್ಕಳೂ ಕಾಣಸಿಗುತ್ತಾರೆ. ತಾಯಂದಿರು ಸೇರಿದಲ್ಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: "ಕಳುಹಿಸಬಹುದೇ? ಅಷ್ಟು ದೊಡ್ಡ ಊರಿನಲ್ಲಿ ಒಬ್ಬಳೇ ಏನು ಮಾಡಿಯಾಳು?" ಈ ಪ್ರಶ್ನೆಯನ್ನು ತಳ್ಳಿ ಹಾಕುವಂತಿಲ್ಲ. ಅದರಲ್ಲಿ ಪ್ರೀತಿಯಿದೆ, ನ್ಯಾಯವಾದ ಆತಂಕವೂ ಇದೆ. ಆದರೆ ಈ ಪ್ರಶ್ನೆಯನ್ನು ನಾವು ಯಾವಾಗಲೂ ಮಗಳ ಮುಂದೆ ಇಡುತ್ತೇವೆ. ರಸ್ತೆಯ ಮುಂದೆ ಇಡುವುದೇ ಇಲ್ಲ.

ಕೆಲವು ತಿಂಗಳ ಹಿಂದೆ ಒಂದು ಕೆಲಸದ ನಿಮಿತ್ತ ನಾನೂ ಹೀಗೆ ಒಬ್ಬಳೇ ಬೆಂಗಳೂರಿನಲ್ಲಿ ಇಳಿದೆ. ಕೆಲಸವಿದ್ದದ್ದು ಮಧ್ಯಾಹ್ನದ ನಂತರ. ತಂಗಿಯ ಮಗಳು ಬರೆದುಕೊಟ್ಟ ಪುಸ್ತಕಗಳ ಪಟ್ಟಿಯೊಂದು ಕೈಯಲ್ಲಿತ್ತು. ಎಲ್ಲವೂ ಅವೆನ್ಯೂ ರಸ್ತೆಯಲ್ಲಿ ಸಿಗುತ್ತವೆ ಎಂದಿದ್ದಳು. ಬೆಂಗಳೂರಿಗೆ ಎಷ್ಟೋ ಸಲ ಹೋಗಿದ್ದರೂ ಆ ಹಳೆಯ ಪೇಟೆಯೊಳಗೆ ನಾನು ಕಾಲಿಟ್ಟಿರಲಿಲ್ಲ. ಜೊತೆಗೆ ಯಾರೂ ಇಲ್ಲದಿದ್ದುದರಿಂದ ಮಾತಿಲ್ಲದೆ ನೋಡುವ ಅವಕಾಶ ಸಿಕ್ಕಿತು.

ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೇ ಕೆಂಪೇಗೌಡ ಬಸ್ ನಿಲ್ದಾಣ. ಒಂದು ಕಾಲದಲ್ಲಿ ಅದು ಧರ್ಮಾಂಬುಧಿ ಕೆರೆಯಾಗಿತ್ತು. ಆ ಪ್ರದೇಶವನ್ನು ಜನ ಮೆಜೆಸ್ಟಿಕ್ ಎನ್ನುತ್ತಾರೆ. ಹೆಸರು ಕೊಟ್ಟ ಚಿತ್ರಮಂದಿರ ಈಗಿಲ್ಲ, ಹೆಸರು ಉಳಿದಿದೆ. ಅಲ್ಲಿಂದ ಕೆಂಪೇಗೌಡ ರಸ್ತೆಯಲ್ಲಿ ಪೂರ್ವಕ್ಕೆ ನಡೆದರೆ ಮೈಸೂರು ಬ್ಯಾಂಕ್ ವೃತ್ತ ಸಿಗುತ್ತದೆ. ಇಲ್ಲಿಯೂ ಅದೇ ಕತೆ. 1913ರಲ್ಲಿ ಆರಂಭವಾದ ಆ ಬ್ಯಾಂಕು 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ವೃತ್ತಕ್ಕೆ ಮಾತ್ರ ಇನ್ನೂ ಅದೇ ಹೆಸರು. ಹೊಸಬರು ಈ ಊರಿನಲ್ಲಿ ದಾರಿ ಕೇಳುವಾಗ ಇದನ್ನು ನೆನಪಿಡಬೇಕು. ಇಲ್ಲಿ ಇಲ್ಲದೆ ಹೋದವುಗಳ ಹೆಸರಿನಿಂದಲೇ ಜನ ದಾರಿ ಹೇಳುತ್ತಾರೆ.

ಈ ವೃತ್ತದಿಂದ ದಕ್ಷಿಣಕ್ಕೆ, ಕೃಷ್ಣರಾಜ ಮಾರುಕಟ್ಟೆಯವರೆಗೆ ಹೋಗುವುದೇ ಅವೆನ್ಯೂ ರಸ್ತೆ. ಉದ್ದ ಸುಮಾರು ಒಂದು ಕಿಲೋಮೀಟರ್. ಇದರ ಹಳೆಯ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಬೆಂಗಳೂರನ್ನು ಕಟ್ಟುವಾಗ ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೆ ಓಡಿಸಿದರು, ಅವು ಉತ್ತ ಸಾಲುಗಳೇ ಬೀದಿಗಳಾದವು ಎಂಬ ಕತೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಉತ್ತರ ದಕ್ಷಿಣವಾಗಿ ಹೋದದ್ದು ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಹೋದದ್ದು ಚಿಕ್ಕಪೇಟೆ. ಎರಡೂ ಇಂದಿಗೂ ಒಂದನ್ನೊಂದು ಅಡ್ಡ ಹಾಯುತ್ತವೆ. ಅಂದರೆ ಇದು ಬೆಂಗಳೂರಿನ ಯಾವುದೋ ಒಂದು ಬೀದಿಯಲ್ಲ, ಬೆಂಗಳೂರು ಶುರುವಾದ ಬೀದಿ.

ಸುತ್ತಲಿನ ಬೀದಿಗಳ ಹೆಸರುಗಳನ್ನು ಓದುತ್ತಾ ಹೋದರೆ ಅದೇ ಒಂದು ಪಾಠ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ, ಸುಲ್ತಾನಪೇಟೆ. ಮಾಲಿನ ಹೆಸರು, ಕಸುಬಿನವರ ಹೆಸರು, ಆಳಿದವರ ಹೆಸರು. ಇಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ಎಲ್ಲಿಂದಲೋ ಬಂದವರೇ. ತೆಲುಗು, ತಮಿಳು, ಮರಾಠಿ, ಮಾರ್ವಾಡಿ, ದಖ್ಖನಿ, ಕನ್ನಡ ಎಲ್ಲವೂ ಹತ್ತು ಹೆಜ್ಜೆಯೊಳಗೆ ಕಿವಿಗೆ ಬೀಳುತ್ತವೆ. ಎಲ್ಲರೂ ಒಂದಲ್ಲ ಒಂದು ದಿನ ಈ ಬೀದಿಯಲ್ಲಿ ಅಪರಿಚಿತರಾಗಿ ನಿಂತವರ ಮಕ್ಕಳು, ಮೊಮ್ಮಕ್ಕಳು.

ಬೆಳಿಗ್ಗೆ ಬೇಗನೆ ಇಳಿದವರು ತಿಳಿದಿರಬೇಕಾದ ಒಂದು ವಿಷಯವಿದೆ. ಕೃಷ್ಣರಾಜ ಮಾರುಕಟ್ಟೆಯ ಹೂವಿನ ವ್ಯಾಪಾರ ನಸುಕಿನಲ್ಲೇ ಶುರುವಾಗುತ್ತದೆ. ಅವೆನ್ಯೂ ರಸ್ತೆಯ ಅಂಗಡಿಗಳ ಬಾಗಿಲು ತೆರೆಯುವುದು ಹತ್ತು ಗಂಟೆಯ ನಂತರ. ಹಾಗಾಗಿ ಮೊದಲು ಮಾರುಕಟ್ಟೆಯ ಕಡೆಗೆ ಹೋಗಿ, ಕೋಟೆ ಮತ್ತು ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ ನೋಡಿ, ನಂತರ ಪೇಟೆಗೆ ಬರುವುದು ಒಳ್ಳೆಯದು. ಹೈದರಲಿ ಆರಂಭಿಸಿದ ಆ ಅರಮನೆಯನ್ನು ಟಿಪ್ಪು ಪೂರ್ಣಗೊಳಿಸಿದ್ದು 1791ರಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ಪೇಟೆಯನ್ನು, ನಂತರ ಕೋಟೆಯನ್ನು ಹಿಡಿಯಿತು. ಮರದ ಕಂಬಗಳ ಆ ಅರಮನೆಯ ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನವಿದೆ. ಮಾರುಕಟ್ಟೆಯ ಬಳಿ ಬಿಳಿಯ ಜಾಮಿಯಾ ಮಸೀದಿ ಎದ್ದು ಕಾಣುತ್ತದೆ. ಅವೆನ್ಯೂ ರಸ್ತೆಯಲ್ಲೇ ರೈಸ್ ಸ್ಮಾರಕ ಚರ್ಚ್ ಇದೆ. ಪೇಟೆಯಲ್ಲಿ ಶಾಲೆಗಳಿಗಾಗಿ ದುಡಿದ, ಕನ್ನಡ ಬಲ್ಲ ಮಿಷನರಿ ಬೆಂಜಮಿನ್ ರೈಸ್ ಅವರ ನೆನಪಿನಲ್ಲಿ ಕಟ್ಟಿದ್ದು. ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಮಗ. ಇನ್ನು ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಹೊರಡುವ ಕರಗವು ಅರಳೇಪೇಟೆಯ ಹಝ್ರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬಂದು ಹೋಗುವುದು ಊರಿಗೆಲ್ಲ ತಿಳಿದ ಸಂಗತಿ.

ಅಂಗಡಿಗಳು ತೆರೆದ ಮೇಲೆ ಬೀದಿಯ ರೂಪವೇ ಬೇರೆ. ಮದುವೆಯ ಕಾಗದಗಳ ಅಂಗಡಿ, ಲೆಕ್ಕದ ಪುಸ್ತಕಗಳ ಅಂಗಡಿ, ಚಿನ್ನ ಬೆಳ್ಳಿಯ ಅಂಗಡಿ, ಅವುಗಳ ಮುಂದೆ ಪಾದಚಾರಿ ದಾರಿಯಲ್ಲಿ ಪುಸ್ತಕಗಳ ರಾಶಿ. ಕೈಗಾಡಿ, ಸ್ಕೂಟರು, ತಲೆಯ ಮೇಲೆ ಬಂಡಲು ಹೊತ್ತ ಹಮಾಲಿಗಳು. ಹಮಾಲಿಗೆ ದಾರಿ ಬಿಡದವರು ಇಲ್ಲಿ ಯಾರೂ ಇಲ್ಲ. ಭಾರ ಹೊತ್ತವನಿಗೆ ಮೊದಲ ದಾರಿ ಎಂಬುದು ಈ ಬೀದಿಯ ಬರೆಯದ ಕಾನೂನು. ಭಾನುವಾರ ಅಂಗಡಿಗಳು ಮುಚ್ಚಿದಾಗ ಅವುಗಳ ಬಾಗಿಲ ಮುಂದೆ ಬೀದಿ ವ್ಯಾಪಾರಿಗಳು ಹರಡಿಕೊಳ್ಳುತ್ತಾರೆ.

ನನ್ನ ಬುರ್ಖಾ ಕಂಡೊಡನೆ ಹೆಚ್ಚಿನವರು ಉರ್ದುವಿನಲ್ಲೇ ಮಾತಾಡಿಸಿದರು. "ಆಯಿಯೇ ಆಪಾ" ಎಂದ ಪುಸ್ತಕದ ಹುಡುಗನಿಗೆ ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅವನು ನಕ್ಕು, "ನೀವು ಮಂಗಳೂರು ಕಡೆಯವರಾ ಅಕ್ಕಾ?" ಎಂದ. ನಮ್ಮ ಕನ್ನಡದ ಧಾಟಿ ಅವನಿಗೆ ಗೊತ್ತಾಗಿತ್ತು. ಕರಾವಳಿಯ ನಮಗೆ ಬ್ಯಾರಿ, ತುಳು, ಕನ್ನಡ ಬರುತ್ತದೆ, ಉರ್ದು ಅಷ್ಟಕ್ಕಷ್ಟೆ. ಮುಸ್ಲಿಮರೆಲ್ಲರೂ ಉರ್ದು ಮಾತಾಡುತ್ತಾರೆ ಎಂದು ನಂಬಿದ ಊರಿನಲ್ಲಿ ನಮ್ಮ ಮಕ್ಕಳು ಎರಡು ಸಲ ಹೊರಗಿನವರಾಗುತ್ತಾರೆ. ಹೋಗುವ ಮುಂಚೆ ಇದನ್ನು ಅವರಿಗೆ ಹೇಳಿಡುವುದು ಒಳ್ಳೆಯದು. ನಾಚಿಕೊಳ್ಳದೆ ಕನ್ನಡದಲ್ಲಿ ಮಾತಾಡಿದರೆ ಎದುರಿನವರೂ ಕನ್ನಡಕ್ಕೆ ಬರುತ್ತಾರೆ.

ಪಟ್ಟಿಯಲ್ಲಿದ್ದ ಪುಸ್ತಕಗಳಲ್ಲಿ ಹೆಚ್ಚಿನವು ಸಿಕ್ಕಿದವು. ಹಳೆಯ ಪುಸ್ತಕಗಳ ಮೊದಲ ಪುಟದಲ್ಲಿ ಯಾರ್‍ಯಾರದೋ ಹೆಸರು, ಕಾಲೇಜು, ವಿಭಾಗ. ಅಂಚಿನಲ್ಲಿ ಪೆನ್ಸಿಲಿನ ಗೆರೆಗಳು. ಓದಿ ಮುಗಿಸಿದವರಿಂದ ಓದಲಿರುವವರಿಗೆ ಅರ್ಧ ಬೆಲೆಯಲ್ಲಿ ಜ್ಞಾನ ದಾಟುವ ಸೇತುವೆ ಇದು. ಹಣವಿದ್ದವರು ಹೊಸದನ್ನು ಎಲ್ಲಿಂದಲೂ ತರಿಸಬಹುದು. ಇಲ್ಲದವರ ಮನೆಯ ಹುಡುಗಿಗೆ ಈ ಬೀದಿ ಬೇಕು. ಅವಳು ಇಲ್ಲಿಗೆ ಬಂದು, ಹತ್ತು ಅಂಗಡಿ ಕೇಳಿ, ಚೌಕಾಸಿ ಮಾಡಿ, ಚೀಲ ತುಂಬಿಸಿಕೊಂಡು ರಾತ್ರಿ ರೈಲಿಗೆ ಮರಳುವಂತಾಗಬೇಕು. ಅದಕ್ಕೆ ಬೀದಿ ಹೇಗಿರಬೇಕು?

ಈ ಪ್ರಶ್ನೆಗೆ ಪ್ರವಾದಿ ಮುಹಮ್ಮದ್(ಸ)ರವರು ಉತ್ತರ ಕೊಟ್ಟಿದ್ದಾರೆ. ದಾರಿ ಬದಿಗಳಲ್ಲಿ ಕುಳಿತುಕೊಳ್ಳಬೇಡಿ ಎಂದು ಅವರು ಸಹಾಬಿಗಳಿಗೆ ಹೇಳಿದರು. ನಮ್ಮ ಮಾತುಕತೆಗೆ ಅದಲ್ಲದೆ ಬೇರೆ ಜಾಗವಿಲ್ಲ ಎಂದು ಸಹಾಬಿಗಳು ವಿನಂತಿಸಿದಾಗ, ಹಾಗಾದರೆ ದಾರಿಗೆ ಅದರ ಹಕ್ಕನ್ನು ಕೊಡಿ ಎಂದರು. ಹಕ್ಕುಗಳೇನೆಂದು ಕೇಳಿದಾಗ ಎಣಿಸಿ ಹೇಳಿದರು: ದೃಷ್ಟಿಯನ್ನು ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಇದು. ಅಬೂದಾವೂದ್‌ನ ವರದಿಯಲ್ಲಿ ಸಂಕಷ್ಟದಲ್ಲಿರುವವರಿಗೆ ನೆರವಾಗುವುದು, ದಾರಿ ತಪ್ಪಿದವರಿಗೆ ದಾರಿ ತೋರಿಸುವುದು ಕೂಡ ಸೇರಿದೆ.

ಈ ಹದೀಸಿನ ಕ್ರಮವನ್ನು ಗಮನಿಸಿ. ಮೊದಲ ಮಾತು ದಾರಿಯಲ್ಲಿ ಹೋಗುವ ಹೆಣ್ಣಿಗೆ ಹೇಳಿದ್ದಲ್ಲ, ದಾರಿ ಬದಿಯಲ್ಲಿ ಕುಳಿತವರಿಗೆ ಹೇಳಿದ್ದು. ಹೋಗುವವಳು ಯಾರು, ಯಾಕೆ ಹೋಗುತ್ತಿದ್ದಾಳೆ, ಜೊತೆಗೆ ಯಾರಿದ್ದಾರೆ ಎಂದು ವಿಚಾರಿಸಲು ಅವರಿಗೆ ಹೇಳಿಲ್ಲ. ನಿಮ್ಮ ಕಣ್ಣನ್ನು ನೀವು ತಗ್ಗಿಸಿ ಎಂದಿದೆ. ನಮ್ಮ ಮನೆಗಳಲ್ಲಿ ಮಗಳಿಗೆ ಹತ್ತು ಬುದ್ಧಿಮಾತು ಹೇಳುವ ನಾವು ಮಗನಿಗೆ ಈ ಒಂದು ಮಾತನ್ನು ಎಷ್ಟು ಸಲ ಹೇಳಿದ್ದೇವೆ?

ಅವೆನ್ಯೂ ರಸ್ತೆಯಲ್ಲಿ ನಡೆಯುತ್ತಾ ಈ ಹಕ್ಕುಗಳ ಲೆಕ್ಕ ಹಾಕಿದೆ. ದಾರಿ ತೋರಿಸುವ ವಿಷಯದಲ್ಲಿ ಆ ಬೀದಿಗೆ ಪೂರ್ಣ ಅಂಕ ಕೊಡಬಹುದು. ಕೇಳಿದ ಐದು ಮಂದಿಯಲ್ಲಿ ಐವರೂ ಕೆಲಸ ಬಿಟ್ಟು ಕೈ ಚಾಚಿ ತೋರಿಸಿದರು. ತೊಂದರೆ ಕೊಡದಿರುವ ವಿಷಯದಲ್ಲಿ ಅಷ್ಟು ಕೊಡಲಾಗದು. ಪಾದಚಾರಿ ದಾರಿಯ ಮೇಲೆ ನಿಲ್ಲಿಸಿದ ಸ್ಕೂಟರುಗಳು, ಎದುರು ದಿಕ್ಕಿನಿಂದ ನುಗ್ಗುವ ಬೈಕುಗಳು, ಬಾಯಿ ತೆರೆದ ಚರಂಡಿಯ ಚಪ್ಪಡಿಗಳು ಅಲ್ಲಿ ಸಾಮಾನ್ಯ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ಮುಳ್ಳು, ಕಲ್ಲು ಎಂದು ಉದಾಹರಣೆ ಕೊಡುತ್ತೇವೆ. ಜುಮುಅದ ದಿನ ಅಡ್ಡಾದಿಡ್ಡಿ ನಿಲ್ಲಿಸಿದ ನಮ್ಮದೇ ಬೈಕು ಆ ಪಟ್ಟಿಗೆ ಸೇರುತ್ತದೆಂದು ಹೇಳಿಕೊಡುವುದಿಲ್ಲ. ಬೀದಿ ವ್ಯಾಪಾರಿಗಳ ಮೇಲೆ ಎಲ್ಲ ತಪ್ಪು ಹೊರಿಸುವುದೂ ನ್ಯಾಯವಲ್ಲ. ಅವರ ಬದುಕಿನ ರಕ್ಷಣೆಗೆ 2014ರಲ್ಲಿ ದೇಶದ ಕಾನೂನೇ ಬಂದಿದೆ. ನಡೆಯುವವರ ಹಕ್ಕು, ದುಡಿಯುವವರ ಹಕ್ಕು ಎರಡನ್ನೂ ಕಾಯುವ ಬೀದಿ ಬೇಕು.

ಝುಹರ್‌ನ ಹೊತ್ತಾಯಿತು. ಪ್ರಯಾಣಿಕಳಾದುದರಿಂದ ನಾಲ್ಕು ರಕಅತಿನ ನಮಾಝನ್ನು ಎರಡಕ್ಕೆ ಇಳಿಸುವ ರಿಯಾಯಿತಿ ನನಗಿತ್ತು. ಆದರೆ ಆ ಎರಡು ರಕಅತಿಗೂ ಒಂದು ಮೊಳ ಜಾಗ ಬೇಕಲ್ಲ! ಹತ್ತಿರದ ಒಂದು ಮಸೀದಿಯ ಬಾಗಿಲಲ್ಲಿ ವಿಚಾರಿಸಿದೆ. ಅಲ್ಲಿದ್ದ ಹಿರಿಯರು ಬಹಳ ವಿನಯದಿಂದ, ಇಲ್ಲಿ ಹೆಂಗಸರಿಗೆ ವ್ಯವಸ್ಥೆಯಿಲ್ಲ ತಾಯಿ ಎಂದರು. ಅವರ ಮುಖದಲ್ಲೂ ಸಂಕಟವಿತ್ತು. ಮದುವೆ ಕಾಗದಗಳ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯನ್ನು ಕೇಳಿದೆ. ಆಕೆ ಹಣೆಗೆ ಕುಂಕುಮ ಇಟ್ಟ, ನನ್ನದೇ ವಯಸ್ಸಿನವರು. ಮಾಲೀಕರನ್ನು ಒಂದು ಮಾತು ಕೇಳಿ, ಹಿಂದಿನ ಕೋಣೆಗೆ ಕರೆದೊಯ್ದರು. ಕಾಗದದ ಕಟ್ಟುಗಳನ್ನು ಸರಿಸಿ ನೆಲಕ್ಕೆ ದಪ್ಪ ಕಾಗದವೊಂದನ್ನು ಹಾಸಿ, "ಯಾವ ಕಡೆಗೆ ಮುಖ ಅಮ್ಮಾ ನಿಮಗೆ?" ಎಂದು ಕೇಳಿದರು. ಪಶ್ಚಿಮ ಎಂದೆ. ಇನ್ನೆರಡು ಕಟ್ಟುಗಳನ್ನು ಆ ಕಡೆಯಿಂದ ತೆಗೆದರು. ನಮಾಝ್ ಮುಗಿಸಿ ಬಂದಾಗ ಕುಡಿಯಲು ನೀರು ಕೊಟ್ಟರು. ಹೆಸರು ಕೇಳಿಕೊಂಡು, ನನ್ನ ದುಆದಲ್ಲಿ ಸೇರಿಸಿಕೊಂಡೆ. ಪ್ರಯಾಣಿಕರ ಪ್ರಾರ್ಥನೆ ತಿರಸ್ಕೃತವಾಗುವುದಿಲ್ಲ ಎಂದು ಹದೀಸಿನಲ್ಲಿದೆ.

ಗುರುತಿಲ್ಲದ ಊರಿನ ಒಂಟಿತನ ಎಂಥದ್ದೆಂದು ತಿಳಿಯಲು ಇಬ್ನು ಬತೂತರ ಪ್ರವಾಸ ಕಥನವನ್ನು ನೋಡಬೇಕು. 1325ರಲ್ಲಿ ತಮ್ಮ 21ನೆಯ ವಯಸ್ಸಿನಲ್ಲಿ ಅವರು ಮೊರಾಕ್ಕೊದ ತಂಜಾದಿಂದ ಹಜ್ಜ್‌ಗಾಗಿ ಒಬ್ಬರೇ ಹೊರಟರು. ಟ್ಯೂನಿಸ್ ನಗರ ತಲುಪಿದಾಗ ಊರಿನವರು ಬಂದು ತಂಡದ ಪ್ರತಿಯೊಬ್ಬರಿಗೂ ಸಲಾಮ್ ಹೇಳಿ ಬರಮಾಡಿಕೊಂಡರು. ಇವರನ್ನು ಬಲ್ಲವರು ಯಾರೂ ಇಲ್ಲದ್ದರಿಂದ ಇವರಿಗೆ ಯಾರೂ ಸಲಾಮ್ ಹೇಳಲಿಲ್ಲ. ಆ ತರುಣ ದುಃಖ ತಡೆಯಲಾರದೆ ಅತ್ತುಬಿಟ್ಟರು. ಅದನ್ನು ಗಮನಿಸಿದ ಹಜ್ಜ್ ಯಾತ್ರಿಕರೊಬ್ಬರು ಹತ್ತಿರ ಬಂದು ಸಲಾಮ್ ಹೇಳಿ, ಊರು ಸೇರುವವರೆಗೂ ಮಾತಾಡುತ್ತಾ ಜೊತೆಗೆ ನಡೆದರು. ಮುಂದೆ ಸುಮಾರು 30 ವರ್ಷ ಲೋಕ ಸುತ್ತಿದ ಮಹಾನ್ ಪ್ರವಾಸಿಯ ಮೊದಲ ಕಣ್ಣೀರು ಒಂದು ಸಲಾಮಿನ ಕೊರತೆಯಿಂದ ಬಂದದ್ದು. ಪರಿಚಿತರಿಗೂ ಅಪರಿಚಿತರಿಗೂ ಸಲಾಮ್ ಹೇಳುವುದನ್ನು ಪ್ರವಾದಿ(ಸ) ಇಸ್ಲಾಮಿನ ಅತ್ಯುತ್ತಮ ಕೆಲಸಗಳಲ್ಲಿ ಎಣಿಸಿದ್ದು ಯಾಕೆಂದು ಇಲ್ಲಿ ತಿಳಿಯುತ್ತದೆ.

ಇನ್ನೊಬ್ಬ ಪ್ರವಾಸಿ ಇಬ್ನು ಜುಬೈರ್. ಹಜ್ಜ್ ಮುಗಿಸಿ ಸ್ಪೇನ್‌ಗೆ ಮರಳುವಾಗ 1184ರ ಡಿಸೆಂಬರಿನಲ್ಲಿ ಅವರ ಹಡಗು ಇಂದಿನ ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಮೆಸ್ಸೀನಾದ ಬಳಿ ಒಡೆಯಿತು. ದಡ ಸೇರಿಸಲು ದೋಣಿಯವರು ಹಣ ಕೇಳಿದರು. ಬಡ ಮುಸ್ಲಿಮ್ ಯಾತ್ರಿಕರ ಬಳಿ ಕೊಡಲು ಏನೂ ಇರಲಿಲ್ಲ. ಅಲ್ಲಿಗೆ ಬಂದಿದ್ದ ಕ್ರೈಸ್ತ ರಾಜ ಎರಡನೇ ವಿಲಿಯಂ ತನ್ನ ಖಜಾನೆಯಿಂದ ಅವರ ಪರವಾಗಿ ನೂರು ನಾಣ್ಯಗಳನ್ನು ಕೊಡಿಸಿದ. ಮುಂದೆ ಪಲೆರ್ಮೊ ನಗರಕ್ಕೆ ಹೋಗುವ ದಾರಿಯಲ್ಲಿ ಎದುರಾದ ಕ್ರೈಸ್ತರು ತಾವೇ ಮುಂದಾಗಿ ವಂದಿಸುತ್ತಿದ್ದುದನ್ನು ಇಬ್ನು ಜುಬೈರ್ ಬರೆದಿಟ್ಟಿದ್ದಾರೆ. ಅದು ಶಿಲುಬೆ ಯುದ್ಧಗಳ ಕಾಲ. ಆ ದ್ವೇಷದ ದಿನಗಳಲ್ಲೂ ದಾರಿಹೋಕನ ಹಕ್ಕನ್ನು ಕೊಟ್ಟವರಿದ್ದರು.

ನಮ್ಮ ನೆಲವೂ ಈ ವಿಷಯದಲ್ಲಿ ಬಡವಾಗಿರಲಿಲ್ಲ. 1340ರ ದಶಕದಲ್ಲಿ ಇಬ್ನು ಬತೂತ ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿದರು. ದಾರಿಯುದ್ದಕ್ಕೂ ಪ್ರತಿ ಅರ್ಧ ಮೈಲಿಗೆ ದಾರಿಹೋಕರು ಕೂರಲು ಕಟ್ಟೆಗಳಿರುವ ಮರದ ಮನೆ, ಬಾವಿ, ನೀರು ಕೊಡುವ ಒಬ್ಬ ವ್ಯಕ್ತಿ ಇದ್ದರೆಂದು ಅವರು ಹೇಳುತ್ತಾರೆ. ಇದಕ್ಕಿಂತ ಸುರಕ್ಷಿತವಾದ ದಾರಿಯನ್ನು ತಾವು ಕಂಡಿಲ್ಲ ಎಂದೂ ಬರೆದಿದ್ದಾರೆ. ಹೊನ್ನಾವರದಲ್ಲಿ ಅವರು ಹುಡುಗಿಯರ 13 ಶಾಲೆಗಳನ್ನೂ ಹುಡುಗರ 23 ಶಾಲೆಗಳನ್ನೂ ಕಂಡರು. ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಸುರಕ್ಷಿತ ದಾರಿ ಮತ್ತು ಹೆಣ್ಣುಮಕ್ಕಳ ಶಾಲೆ, ಎರಡೂ ಒಂದೇ ಕರಾವಳಿಯ ವರ್ಣನೆಯಲ್ಲಿ ಬರುತ್ತವೆ. ಸುಮಾರು 700 ವರ್ಷಗಳ ಹಿಂದಿನ ಮಾತು ಇದು. ಓದುವ ಹೆಣ್ಣು ನಮಗೆ ಹೊಸಬಳೇನೂ ಅಲ್ಲ.

ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೇ ಇಂಥದೊಂದು ಮೇಲ್ಪಂಕ್ತಿ ಇದೆ. ಗುಬ್ಬಿ ತೋಟದಪ್ಪನವರು ಈ ಪೇಟೆಯಲ್ಲೇ ವ್ಯಾಪಾರ ಮಾಡಿ ಗಳಿಸಿದವರು. ತಮ್ಮ ಸಂಪತ್ತನ್ನು ಯಾತ್ರಿಕರಿಗಾಗಿ, ಪರ ಊರಿನ ವಿದ್ಯಾರ್ಥಿಗಳಿಗಾಗಿ ಧರ್ಮಛತ್ರಕ್ಕೆ ಕೊಟ್ಟರು. ಅದು ಆರಂಭವಾದದ್ದು 1903ರಲ್ಲಿ. ಕುರ್‌ಆನ್ ಝಕಾತಿಗೆ ಹಕ್ಕುದಾರರಾದ ಎಂಟು ವಿಭಾಗಗಳನ್ನು ಅತ್ತೌಬಃ ಅಧ್ಯಾಯದ 60ನೇ ಸೂಕ್ತದಲ್ಲಿ ಎಣಿಸುವಾಗ ಕೊನೆಯಲ್ಲಿ ಇಬ್ನುಸ್ಸಬೀಲ್ ಎಂದಿದೆ, ಅಂದರೆ ದಾರಿಹೋಕ. ತನ್ನ ಊರಿನಲ್ಲಿ ಅನುಕೂಲಸ್ಥನಾಗಿದ್ದರೂ ದಾರಿಯಲ್ಲಿ ಅಸಹಾಯಕನಾದವನಿಗೆ ಅದರಲ್ಲಿ ಪಾಲಿದೆ. ನಮ್ಮ ಸಂಘಟನೆಗಳ ಝಕಾತ್ ಲೆಕ್ಕದಲ್ಲಿ ಈ ಎಂಟನೆಯ ಸಾಲಿನ ಎದುರು ಎಷ್ಟು ಬರೆದಿರುತ್ತದೆ?

ಇನ್ನು ಹೆಣ್ಣು ಒಂಟಿಯಾಗಿ ಪ್ರಯಾಣಿಸುವ ವಿಷಯ. ಮಹ್ರಮ್ ಇಲ್ಲದ ದೂರ ಪ್ರಯಾಣವನ್ನು ತಡೆಯುವ ಹದೀಸ್‌ಗಳಿವೆ. ಅವುಗಳ ಉದ್ದೇಶ ಹೆಣ್ಣಿನ ಸುರಕ್ಷತೆ. ದಾರಿ ನಿರ್ಭಯವಾಗಿದ್ದಾಗ, ನಂಬಿಗಸ್ಥ ಸ್ತ್ರೀಯರ ಗುಂಪು ಇದ್ದಾಗ ಏನು ಎಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. 2018ರಿಂದ ನಮ್ಮ ದೇಶದ 45 ದಾಟಿದ ಮಹಿಳೆಯರು ನಾಲ್ವರ ಗುಂಪಾಗಿ ಮಹ್ರಮ್ ಇಲ್ಲದೆ ಹಜ್ಜ್‌ಗೆ ಹೋಗಲು ಅವಕಾಶವಾಗಿದೆ. ಪ್ರತಿ ಮನೆಯವರೂ ತಾವು ನಂಬುವ ವಿದ್ವಾಂಸರನ್ನು ಕೇಳಿ ತೀರ್ಮಾನಿಸಲಿ. ಆದರೆ ಇನ್ನೊಂದು ಹದೀಸನ್ನೂ ಮರೆಯಬಾರದು. ದಾರಿಗಳ್ಳರ ಕಾಟವನ್ನು ಒಬ್ಬರು ಪ್ರವಾದಿ(ಸ)ರ ಬಳಿ ದೂರಿದಾಗ ಅವರು ಅದಿಯ್ಯ್ ಬಿನ್ ಹಾತಿಮ್(ರ)ರ ಕಡೆಗೆ ತಿರುಗಿ, ಇರಾಕಿನ ಹೀರಾದಿಂದ ಒಬ್ಬ ಸ್ತ್ರೀ ಅಲ್ಲಾಹನ ಹೊರತು ಯಾರ ಭಯವೂ ಇಲ್ಲದೆ ಬಂದು ಕಅಬಾದ ತವಾಫ್ ಮಾಡುವ ದಿನವನ್ನು ಬದುಕಿದ್ದರೆ ನೀವು ಕಾಣುವಿರಿ ಎಂದರು. ತಾನು ಅದನ್ನು ಕಣ್ಣಾರೆ ಕಂಡೆನೆಂದು ಅದಿಯ್ಯ್(ರ) ಮುಂದೆ ಹೇಳಿದರು. ಬುಖಾರಿಯಲ್ಲಿರುವ ಹದೀಸ್ ಇದು. ದಾರಿ ಕೆಟ್ಟಿದೆ ಎಂಬ ದೂರಿಗೆ ಸಿಕ್ಕ ಉತ್ತರ, ದಾರಿ ಸರಿಯಾಗುತ್ತದೆ ಎಂಬ ಭರವಸೆ. ನಿರ್ಭಯವಾಗಿ ಪ್ರಯಾಣಿಸುವ ಹೆಣ್ಣನ್ನು ನ್ಯಾಯದ ಸಮಾಜದ ಗುರುತಾಗಿ ಪ್ರವಾದಿ(ಸ) ತೋರಿಸಿದರು. ಹಾಗಿರುವಾಗ ಅವಳು ಭಯಪಡುವ ಬೀದಿ ಯಾರ ಸೋಲು?

ಹೊರಡುವ ಮಕ್ಕಳಿಗೆ ಕೆಲವು ಮಾತುಗಳು. ಬೆಂಗಳೂರಿನಲ್ಲಿ ಒಂದೇ ರೈಲು ನಿಲ್ದಾಣವಿಲ್ಲ. ಸಂಗೊಳ್ಳಿ ರಾಯಣ್ಣ ನಿಲ್ದಾಣ, ದಂಡು ನಿಲ್ದಾಣ, ಯಶವಂತಪುರ ಮತ್ತು 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಟರ್ಮಿನಲ್ ಬೇರೆ ಬೇರೆ ಕಡೆಗಳಲ್ಲಿವೆ. ಟಿಕೆಟಿನಲ್ಲಿ ಯಾವುದಿದೆ ಎಂದು ನೋಡಿಕೊಳ್ಳಿ. ದೂರದ ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಮಹಿಳೆಯರಿಗಾಗಿ 6 ಬರ್ತ್‌ಗಳ ಮೀಸಲಾತಿ ಇದೆ, ಟಿಕೆಟ್ ತೆಗೆಯುವಾಗ ಅದನ್ನು ಕೇಳಿ. ರೈಲಿನಲ್ಲಿ ತೊಂದರೆಯಾದರೆ 139, ಬೇರೆಲ್ಲಾದರೂ 112, ಮಹಿಳಾ ಸಹಾಯವಾಣಿ 181. ಬೆಳಕು ಹರಿಯುವ ಮುಂಚೆ ಇಳಿದರೆ ನಿಲ್ದಾಣದ ಮಹಿಳೆಯರ ವಿಶ್ರಾಂತಿ ಕೋಣೆಯಲ್ಲೇ ಕುಳಿತು ಫಜ್ರ್ ಮುಗಿಸಿ ಹೊರಡಿ. ಪೇಟೆಗೆ ಹೋಗಲು ಮೆಜೆಸ್ಟಿಕ್‌ನಿಂದ ಮೆಟ್ರೊ ಇದೆ. ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆ ನಿಲ್ದಾಣಗಳು 2017ರಿಂದ ತೆರೆದಿವೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ, ಗುರುತಿನ ಚೀಟಿ ಇರಲಿ. ಶೌಚಾಲಯಕ್ಕೆ ಬಸ್ ನಿಲ್ದಾಣದಲ್ಲೇ ಹೋಗಿ ಬನ್ನಿ, ಪೇಟೆಯ ನಡುವೆ ಹುಡುಕುವುದು ಕಷ್ಟ. ಕರಾವಳಿಯ ಶಾಫಿಈಗಳು ಇನ್ನೊಂದನ್ನು ಗಮನಿಸಬೇಕು. ಬೆಂಗಳೂರಿನ ಹೆಚ್ಚಿನ ಮಸೀದಿಗಳು ಹನಫಿ ಕ್ರಮದವು, ಅಲ್ಲಿ ಅಸರ್ ಅಝಾನ್ ನಮ್ಮಲ್ಲಿಗಿಂತ ತಡವಾಗಿ ಕೇಳಿಸುತ್ತದೆ.

ಒಂಟಿ ಹೆಣ್ಣಿನ ಬಗ್ಗೆ ಈ ದೇಶದ ಕಾನೂನಿನಲ್ಲೂ ಒಂದು ಕಾಳಜಿಯ ಮಾತಿದೆ. 1989ರ ರೈಲ್ವೆ ಕಾಯ್ದೆಯ 139ನೇ ಕಲಮಿನ ಪ್ರಕಾರ, ಪುರುಷರು ಜೊತೆಗಿಲ್ಲದ ಹೆಣ್ಣು ಅಥವಾ ಮಗುವಿನ ಬಳಿ ಟಿಕೆಟ್ ಇಲ್ಲದಿದ್ದರೂ ಅವರನ್ನು ಕಂಡ ಕಂಡ ನಿಲ್ದಾಣದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಇಳಿಸುವಂತಿಲ್ಲ. ದೊಡ್ಡ ನಿಲ್ದಾಣದಲ್ಲಿ, ಅದೂ ಹಗಲಿನಲ್ಲಿ ಮಾತ್ರ ಇಳಿಸಬಹುದು. ಅವಳ ತಪ್ಪಿಗಿಂತ ಅವಳ ಸುರಕ್ಷತೆ ದೊಡ್ಡದು ಎಂದು ಕಾನೂನು ಬರೆದವರು ತಿಳಿದಿದ್ದರು.

ನಮ್ಮ ಜಮಾಅತ್‌ಗಳು ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ. ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಗಳ ಹತ್ತಿರದ ಮಸೀದಿಗಳಲ್ಲಿ ಮಹಿಳೆಯರಿಗಾಗಿ ಪ್ರತ್ಯೇಕ ಬಾಗಿಲಿನ ಒಂದು ಪುಟ್ಟ ಕೋಣೆ, ವುಝೂ ಮಾಡಲು ಎರಡು ನಲ್ಲಿ, ಒಂದು ಶೌಚಾಲಯ, ಹೊರಗೆ ಕನ್ನಡ ಮತ್ತು ಉರ್ದುವಿನಲ್ಲಿ ಒಂದು ಫಲಕ. ಅಮೃತಶಿಲೆ ಹಾಸುವ ಖರ್ಚಿನಲ್ಲಿ ಒಂದು ಪಾಲು ಸಾಕು. ಪರೀಕ್ಷೆಗಳ ಕಾಲದಲ್ಲಿ ಹೊರ ಊರಿನ ಹೆಣ್ಣುಮಕ್ಕಳಿಗೆ ಒಂದು ರಾತ್ರಿ ತಂಗಲು ನಂಬಿಗಸ್ಥರ ಮನೆಗಳ ಪಟ್ಟಿಯನ್ನು ಇಟ್ಟುಕೊಳ್ಳಬಹುದು. ಅದರ ಉಸ್ತುವಾರಿಯನ್ನು ಮಹಿಳೆಯರಿಗೇ ಕೊಡಬಹುದು. ಬಾಗಿಲಲ್ಲಿ ವಿನಯದಿಂದ ಇಲ್ಲ ಎಂದ ಆ ಹಿರಿಯರು, ಅಂಥ ಕೋಣೆಯೊಂದಿದ್ದರೆ ಎಷ್ಟು ಸಂತೋಷದಿಂದ ದಾರಿ ತೋರಿಸುತ್ತಿದ್ದರೋ!

ಭೂಮಿಯಲ್ಲಿ ಸಂಚರಿಸಿ ನೋಡಲು ಕುರ್‌ಆನ್ ಹಲವು ಕಡೆಗಳಲ್ಲಿ ಕರೆ ಕೊಡುತ್ತದೆ. ನೋಡುವ ಕಣ್ಣು ಗಂಡಿಗೆ ಮಾತ್ರ ಕೊಟ್ಟದ್ದಲ್ಲ. ನಿಮ್ಮ ಊರಿನ ರೈಲು ನಿಲ್ದಾಣದಲ್ಲಿ, ಬಸ್ ನಿಲ್ದಾಣದಲ್ಲಿ ನಾಳೆ ಬೆಳಿಗ್ಗೆಯೂ ಯಾರಾದರೂ ಚೀಲ ಹಿಡಿದು ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ನಿಂತಿರುತ್ತಾರೆ. ಅವರು ಯಾವ ಧರ್ಮದವರೇ ಆಗಿರಲಿ, ದಾರಿ ಕೇಳುವ ಮೊದಲೇ ಒಂದು ನಗು, ಒಂದು ಸಲಾಮ್ ಅಥವಾ ಒಂದು ನಮಸ್ಕಾರ ಅವರಿಗೆ ಸಿಗಲಿ. ಅದು ನಾವು ಮಾಡುವ ಉಪಕಾರವಲ್ಲ, ರಸ್ತೆಗೆ ನಾವು ಸಲ್ಲಿಸಬೇಕಾದ ಬಾಕಿ.